ಎಂಜಿನ್ ಇಲ್ಲದೆ ದೂರ ಹಾರಿದವನು: ರಾಬರ್ಟ್ ಕ್ರೋನ್‌ಫೆಲ್ಡ್

ಬೇಸಿಗೆಯ ನಡು ಮಧ್ಯಾಹ್ನ ಆಟದ ಬಯಲಿನ ಮೇಲೆ ಹದ್ದೊಂದು ಸುತ್ತುತ್ತಿರುವುದನ್ನು ನಾವೆಲ್ಲರೂ ನೋಡಿದ್ದೇವೆ. ಅದು ರೆಕ್ಕೆ ಬಡಿಯುವುದಿಲ್ಲ. ಒಂದೇ ಕಡೆ ಸುತ್ತು ಹಾಕುತ್ತ ಹಾಕುತ್ತ ಮೇಲೇರಿ ಕೊನೆಗೆ ಚುಕ್ಕೆಯಾಗುತ್ತದೆ; ಆಮೇಲೆ ರೆಕ್ಕೆ ಚಾಚಿದ ಹಾಗೆಯೇ ನೇರವಾಗಿ ಜಾರಿ ಮತ್ತೊಂದು ಊರಿನ ಆಕಾಶಕ್ಕೆ ಹೋಗಿಬಿಡುತ್ತದೆ. ಈ ವಿದ್ಯೆಯನ್ನು ಮನುಷ್ಯನೂ ಕಲಿತಿದ್ದಾನೆ. ಹಾಗೆ ಕಲಿತವರಲ್ಲಿ, ಸಿಕ್ಕಿದ ಗಾಳಿಯಲ್ಲಿ ತೇಲುವುದನ್ನು ಬಿಟ್ಟು, ಹೋಗಬೇಕಾದ ಊರನ್ನು ಮೊದಲೇ ಗೊತ್ತುಮಾಡಿಕೊಂಡು ಹಾರಿದವರ ಮೊದಲ ಸಾಲಿನಲ್ಲಿ ಬರುವ ಹೆಸರು ರಾಬರ್ಟ್ ಕ್ರೋನ್‌ಫೆಲ್ಡ್. ನಮ್ಮ ಪಠ್ಯಪುಸ್ತಕಗಳಲ್ಲಿ ರೈಟ್ ಸಹೋದರರ ಹೆಸರಿದೆ, ಈತನ ಹೆಸರಿಲ್ಲ. ಆದ್ದರಿಂದ ಈ ಸಂಚಿಕೆಗೆ ಆತನ ಜೀವನವನ್ನೇ ಆರಿಸಿಕೊಂಡಿದ್ದೇವೆ.

ಕ್ರೋನ್‌ಫೆಲ್ಡ್ ಹುಟ್ಟಿದ್ದು ೧೯೦೪ನೆಯ ಇಸವಿ ಮೇ ೫ರಂದು, ಆಸ್ಟ್ರಿಯ ದೇಶದ ವಿಯೆನ್ನಾ ನಗರದಲ್ಲಿ, ಒಂದು ಯಹೂದಿ ಮನೆತನದಲ್ಲಿ. ಆತನಿಗೆ ಹತ್ತು ವರ್ಷವಾದಾಗ ಮೊದಲನೆಯ ಮಹಾಯುದ್ಧ ಆರಂಭವಾಯಿತು. ಯುದ್ಧದಲ್ಲಿ ಸೋತ ಜರ್ಮನಿಗೆ ಗೆದ್ದ ರಾಷ್ಟ್ರಗಳು ವರ್ಸೇಲ್ಸ್ ಒಪ್ಪಂದವನ್ನು ಹೇರಿದವು. ಜರ್ಮನಿಯು ವಾಯುಸೇನೆ ಇಟ್ಟುಕೊಳ್ಳುವಂತಿರಲಿಲ್ಲ. ಎಂಜಿನ್ ವಿಮಾನಗಳನ್ನು ಕಟ್ಟುವುದಕ್ಕೂ ಹಲವು ಕಟ್ಟುಪಾಡುಗಳಿದ್ದವು. ಆದರೆ ಎಂಜಿನ್ ಇಲ್ಲದ ವಿಮಾನದ ಮಾತನ್ನು ಯಾರೂ ಎತ್ತಿರಲಿಲ್ಲ. ಹಾರುವ ಹಂಬಲವಿದ್ದ ತರುಣರು ಈ ಸಂದಿಯನ್ನು ಹಿಡಿದರು. ರೋನ್ ಎಂಬ ಗುಡ್ಡನಾಡಿನಲ್ಲಿ ಸುಮಾರು ೯೫೦ ಮೀಟರ್ ಎತ್ತರದ ವಾಸರ್‌ಕುಪ್ಪೆ ಎಂಬ ಬೋಳು ಬೆಟ್ಟವಿದೆ. ೧೯೨೦ರಿಂದ ಅಲ್ಲಿ ವರ್ಷವರ್ಷವೂ ಗ್ಲೈಡರ್ ಸ್ಪರ್ಧೆಗಳು ನಡೆಯತೊಡಗಿದವು. ಮರದ ಪಟ್ಟಿ, ತೆಳು ಹಲಗೆ, ಬಟ್ಟೆಗಳಿಂದ ವಿಮಾನ ಕಟ್ಟುವುದು. ಅದರ ಮೂತಿಗೆ ರಬ್ಬರಿನ ಹಗ್ಗ ಸಿಕ್ಕಿಸಿ, ಗೆಳೆಯರು ಇಳಿಜಾರಿನಲ್ಲಿ ಹಗ್ಗ ಎಳೆದುಕೊಂಡು ಓಡುವುದು. ಕವಣೆಕಲ್ಲಿನಂತೆ ಅದು ಗಾಳಿಗೆ ಚಿಮ್ಮುವುದು. ಮೊದಮೊದಲು ಕೆಲವು ನಿಮಿಷ ಗಾಳಿಯಲ್ಲಿ ನಿಂತವನೇ ಶೂರ. ೧೯೨೨ರಲ್ಲಿ ಒಬ್ಬಾತ ಒಂದು ಗಂಟೆಗೂ ಮೇಲೆ ಹಾರಿದಾಗ ಯೂರೋಪಿನ ಪತ್ರಿಕೆಗಳೆಲ್ಲ ಬರೆದವು.

ಇಲ್ಲಿ ಸ್ವಲ್ಪ ನಿಂತು ಒಂದು ವಿಷಯವನ್ನು ತಿಳಿದುಕೊಳ್ಳಬೇಕು. ಗ್ಲೈಡರ್ ಸದಾ ಕೆಳಕ್ಕೆ ಜಾರುತ್ತಲೇ ಇರುತ್ತದೆ. ಒಳ್ಳೆಯ ಗ್ಲೈಡರ್ ಸೆಕೆಂಡಿಗೆ ಒಂದು ಮೀಟರಿಗಿಂತಲೂ ಕಡಿಮೆ ಇಳಿಯುತ್ತದೆ, ಆದರೆ ಇಳಿಯುವುದಂತೂ ನಿಜ. ಅದರ ಸುತ್ತಲಿನ ಗಾಳಿಯೇ ಅದಕ್ಕಿಂತ ವೇಗವಾಗಿ ಮೇಲಕ್ಕೆ ಹೋಗುತ್ತಿದ್ದರೆ ಗ್ಲೈಡರೂ ಗಾಳಿಯೊಡನೆ ಏರುತ್ತದೆ. ಮೇಲಕ್ಕೆ ಹೋಗುವ ಮೆಟ್ಟಿಲಯಂತ್ರದಲ್ಲಿ ಒಬ್ಬ ಹುಡುಗ ಮೆಲ್ಲಗೆ ಕೆಳಮುಖವಾಗಿ ನಡೆದರೂ ಮೇಲಿನ ಮಹಡಿಗೇ ತಲುಪುವ ಹಾಗೆ. ಹಾಗಾದರೆ ಹಾರುವವನ ವಿದ್ಯೆಯೆಲ್ಲ, ಗಾಳಿ ಎಲ್ಲಿ ಏರುತ್ತಿದೆ ಎಂದು ಕಂಡುಹಿಡಿಯುವುದರಲ್ಲಿದೆ. ಬೆಟ್ಟಕ್ಕೆ ಬಡಿದ ಗಾಳಿ ಬೇರೆ ದಾರಿಯಿಲ್ಲದೆ ಮೇಲಕ್ಕೆ ಹೊರಳುತ್ತದೆ; ವಾಸರ್‌ಕುಪ್ಪೆಯ ಮೊದಲ ಹಾರಾಟಗಳೆಲ್ಲ ಈ ಗಾಳಿಯ ಮೇಲೆಯೇ ನಡೆದವು. ಆದರೆ ಬೆಟ್ಟ ಮುಗಿದಲ್ಲಿ ಗಾಳಿಯೂ ಮುಗಿಯುತ್ತದೆ. ಆದ್ದರಿಂದ ಆ ಕಾಲದ ಹಾರಾಟಗಾರರು ಗೂಟಕ್ಕೆ ಕಟ್ಟಿದ ಕರುವಿನಂತೆ ಒಂದೇ ಬೆಟ್ಟದ ಮುಂದೆ ಹೋಗಿ ಬಂದು, ಹೋಗಿ ಬಂದು ಮಾಡುತ್ತಿದ್ದರು. ಹಗ್ಗ ಬಿಚ್ಚಿಕೊಂಡು ದೂರ ಹೋಗುವುದು ಹೇಗೆ?

೧೯೨೬ರಲ್ಲಿ ಮ್ಯಾಕ್ಸ್ ಕೇಗೆಲ್ ಎಂಬಾತನನ್ನು ಗುಡುಗುಮೋಡವೊಂದು ಒಳಗೆ ಎಳೆದುಕೊಂಡಿತು. ಅದು ಉಗುಳಿದಾಗ ಆತ ೫೫ ಕಿಲೋಮೀಟರ್ ದೂರ ಬಂದಿದ್ದ. ದೂರ ಹೋದದ್ದೇನೋ ನಿಜ. ಆದರೆ ಆತ ಹೋದದ್ದಲ್ಲ, ಮೋಡ ಒಯ್ದದ್ದು. ಕ್ರೋನ್‌ಫೆಲ್ಡ್‌ನ ಹಿರಿಮೆ ತಿಳಿಯಬೇಕಾದರೆ ಈ ಎರಡರ ನಡುವಿನ ಅಂತರವನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ವಿಯೆನ್ನಾದ ಈ ತರುಣ ೧೯೨೦ರ ದಶಕದ ಕೊನೆಗೆ ರೋನ್ ಬೆಟ್ಟಗಳಿಗೆ ಬಂದಾಗ ಅಲ್ಲಿ ಇಬ್ಬರು ದೊಡ್ಡ ವಿದ್ವಾಂಸರಿದ್ದರು. ಒಬ್ಬರು ವಾಲ್ಟರ್ ಗೇಯೋರ್ಗಿ, ಹವಾಮಾನ ಶಾಸ್ತ್ರದ ಪ್ರಾಧ್ಯಾಪಕರು. ಮತ್ತೊಬ್ಬರು ಅಲೆಕ್ಸಾಂಡರ್ ಲಿಪ್ಪಿಷ್, ವಿಮಾನಗಳ ರಚನೆಯಲ್ಲಿ ನಿಪುಣರು. ಬಿಸಿಲಿಗೆ ಕಾದ ನೆಲದಿಂದ ಗಾಳಿ ಏಳುತ್ತದೆ. ಹತ್ತಿಯ ರಾಶಿಯಂಥ ಬಿಳಿಮೋಡ ಎಲ್ಲಿದೆಯೋ ಅದರ ಕೆಳಗೆ ಏರುಗಾಳಿ ಇರಲೇಬೇಕು ಎಂಬುದು ಗೇಯೋರ್ಗಿಯವರ ಲೆಕ್ಕ. ಬೆಟ್ಟದ ಗಾಳಿಯನ್ನು ಬಿಟ್ಟು ಅಂಥ ಮೋಡಗಳ ಕೆಳಗೆ ಹೋಗಿ ಆ ಲೆಕ್ಕ ಸರಿಯೆಂದು ೧೯೨೮ರಲ್ಲಿ ತೋರಿಸಿದವರಲ್ಲಿ ಕ್ರೋನ್‌ಫೆಲ್ಡ್ ಒಬ್ಬ.

ಆದರೆ ಮೋಡದ ಕೆಳಗೆ ಹೋದರೂ, ತಾನು ಏರುತ್ತಿದ್ದೇನೋ ಇಳಿಯುತ್ತಿದ್ದೇನೋ ಎಂಬುದು ಹಾರುವವನಿಗೆ ತಿಳಿಯುವುದು ಹೇಗೆ? ನೆಲ ಬಹಳ ಕೆಳಗಿರುವಾಗ ಕಣ್ಣಿಗೆ ಅದು ಗೊತ್ತಾಗುವುದಿಲ್ಲ. ಇದಕ್ಕೆ ಆತ ಬಳಸಿದ ಸಾಧನ ವೇರಿಯೋಮೀಟರ್. ಇದರ ತತ್ತ್ವ ಬಹಳ ಸುಲಭ. ಬಿಸಿನೀರು ಇಡುವ ಥರ್ಮಾಸ್‌ನಂಥ ಒಂದು ಸೀಸೆಯಲ್ಲಿ ಗಾಳಿ ತುಂಬಿದೆ. ಅದರ ಬಾಯಿಂದ ಒಂದು ಸಣ್ಣ ಕಿಂಡಿಯ ಮೂಲಕ ಮಾತ್ರ ಹೊರಕ್ಕೆ ದಾರಿ. ವಿಮಾನ ಏರಿದರೆ ಹೊರಗಿನ ಒತ್ತಡ ಕಡಿಮೆಯಾಗಿ ಒಳಗಿನ ಗಾಳಿ ಹೊರಕ್ಕೆ ಹರಿಯುತ್ತದೆ, ಇಳಿದರೆ ಹೊರಗಿನ ಗಾಳಿ ಒಳಕ್ಕೆ ಹರಿಯುತ್ತದೆ. ಆ ಹರಿವನ್ನು ಒಂದು ಮುಳ್ಳು ತೋರಿಸುತ್ತದೆ. ಬೆಲೂನಿನಲ್ಲಿ ಹಾರುವವರು ಇದನ್ನು ಮೊದಲೇ ಬಳಸುತ್ತಿದ್ದರು. ಅದನ್ನು ಗ್ಲೈಡರಿಗೆ ತಂದಾಗ ಕಣ್ಣಿಗೆ ಕಾಣದ ಗಾಳಿ ಮುಳ್ಳಿನ ಅಲುಗಾಟದಲ್ಲಿ ಕಾಣತೊಡಗಿತು. ಇಂದಿಗೂ ಈ ಸಾಧನವಿಲ್ಲದೆ ದೂರದ ಹಾರಾಟಕ್ಕೆ ಯಾರೂ ಹೊರಡುವುದಿಲ್ಲ.

ಲಿಪ್ಪಿಷ್ ರಚಿಸಿದ ಒಂದು ಹೊಸ ಗ್ಲೈಡರ್ ೧೯೨೯ರಲ್ಲಿ ಕ್ರೋನ್‌ಫೆಲ್ಡ್‌ನ ಕೈಗೆ ಬಂತು. ರೆಕ್ಕೆಯ ತುದಿಯಿಂದ ತುದಿಗೆ ೧೯ ಮೀಟರ್. ತನ್ನ ಊರಿನ ಹೆಸರನ್ನೇ ಅದಕ್ಕೆ ಇಟ್ಟಿದ್ದ: ವೀನ್. ವಿಯೆನ್ನಾ ನಗರವನ್ನು ಜರ್ಮನ್ ಭಾಷೆಯಲ್ಲಿ ಹಾಗೆಯೇ ಕರೆಯುತ್ತಾರೆ. ಅದೇ ಕಾಲಕ್ಕೆ ‘ಗ್ರೂನೆ ಪೋಸ್ಟ್’ ಎಂಬ ಪತ್ರಿಕೆ, ನೂರು ಕಿಲೋಮೀಟರ್ ಹಾರಿದವನಿಗೆ ಬಹುಮಾನ ಕೊಡುವುದಾಗಿ ಸಾರಿತ್ತು. ಆ ವರೆಗೆ ಗ್ಲೈಡರಿನಲ್ಲಿ ಯಾರೂ ಅಷ್ಟು ದೂರ ಹೋಗಿರಲಿಲ್ಲ.

ಈಗ ಆತ ಮಾಡಿದ ಕೆಲಸವನ್ನು ನೋಡೋಣ. ಆತನಿಗೆ ಬೇಕಾಗಿದ್ದದ್ದು ಎತ್ತರದ ಬೆಟ್ಟವಲ್ಲ, ಉದ್ದದ ಬೆಟ್ಟ. ವಾಯವ್ಯ ಜರ್ಮನಿಯಲ್ಲಿ ಟ್ಯೂಟೋಬರ್ಗ್ ಕಾಡು ಎಂಬ ಗುಡ್ಡಸಾಲು ಇದೆ. ಎತ್ತರದಲ್ಲಿ ಬಹುಪಾಲು ೪೦೦ ಮೀಟರಿಗೆ ಒಳಗೇ. ಬೆಟ್ಟ ಏರುವ ಚಟವಿದ್ದವನು ತಿರುಗಿಯೂ ನೋಡಲಾರ. ಆದರೆ ಅದು ಗೋಡೆ ಕಟ್ಟಿದಂತೆ ವಾಯವ್ಯದಿಂದ ಆಗ್ನೇಯಕ್ಕೆ ನೂರು ಕಿಲೋಮೀಟರಿಗೂ ಮೇಲ್ಪಟ್ಟು ಚಾಚಿದೆ. ನೈಋತ್ಯದ ಗಾಳಿ ಬೀಸಿದ ದಿನ ಗೋಡೆಯ ಉದ್ದಕ್ಕೂ ಏರುಗಾಳಿಯ ಬೀದಿ ಹಾಸಿರುತ್ತದೆ. ಗಾಳಿ ದಿಕ್ಕು ಬದಲಿಸಿದರೆ ಬೀದಿಯೇ ಇಲ್ಲ. ಆದ್ದರಿಂದ ಮೊದಲ ಪ್ರಶ್ನೆ, ಯಾವ ಗಾಳಿಯ ದಿನ ಹೊರಡಬೇಕು ಎಂಬುದು. ಎರಡನೆಯದು ಇನ್ನೂ ಕಷ್ಟ. ಗೋಡೆಯಲ್ಲಿ ಬಿರುಕುಗಳಿವೆ. ಬೀಲೆಫೆಲ್ಡ್ ಪಟ್ಟಣದ ಬಳಿ ಗುಡ್ಡಸಾಲು ಕಡಿದುಹೋಗಿ ಕಣಿವೆಯಾಗಿದೆ. ಅಲ್ಲಿ ಏರುಗಾಳಿಯೂ ಕಡಿಯುತ್ತದೆ. ಆ ಕಡೆಯ ಗುಡ್ಡ ಮುಟ್ಟುವಾಗ ಅದರ ನೆತ್ತಿಗಿಂತ ಮೇಲೆಯೇ ಇರಬೇಕಾದರೆ ಈ ಕಡೆ ಎಷ್ಟು ಎತ್ತರಕ್ಕೆ ಏರಿಕೊಂಡಿರಬೇಕು? ಮೇಲೆ ಬಿಳಿಮೋಡವಿದ್ದರೆ ಅದರ ನೆರವು ಪಡೆಯಬಹುದು. ಇಲ್ಲದಿದ್ದರೆ ಕಾದು ನಿಂತು ಏರಬೇಕು. ಮೂರನೆಯದು, ಲೆಕ್ಕ ತಪ್ಪಿದರೆ ಇಳಿಯುವುದೆಲ್ಲಿ? ಗುಡ್ಡದ ಮೈ ತುಂಬ ಮರಗಳು. ತಪ್ಪಲಿನ ಯಾವ ಹೊಲ ಕೈಗೆಟಕುವಷ್ಟರಲ್ಲಿದೆ ಎಂಬುದು ಹೆಜ್ಜೆಹೆಜ್ಜೆಗೂ ತಲೆಯಲ್ಲಿರಬೇಕು.

೧೯೨೯ರ ಮೇ ೧೫ರಂದು ಆತ ಇಬ್ಬೆನ್‌ಬ್ಯೂರೆನ್ ಎಂಬಲ್ಲಿಂದ ಹೊರಟನು. ಗುಡ್ಡದಿಂದ ಗುಡ್ಡಕ್ಕೆ ದಾಟುತ್ತ ಡೆಟ್ಮೋಲ್ಡ್ ಪಟ್ಟಣದ ಸೀಮೆಗೆ ಬಂದು ಇಳಿದಾಗ ೧೦೨ ಕಿಲೋಮೀಟರ್ ಆಗಿತ್ತು. ಗ್ಲೈಡರಿನಲ್ಲಿ ಮನುಷ್ಯ ನೂರು ಕಿಲೋಮೀಟರ್ ದಾಟಿದ್ದು ಅದೇ ಮೊದಲು. ಆತನಿಗೆ ಆಗ ಇಪ್ಪತ್ತೈದು ವರ್ಷ ತುಂಬಿ ಹತ್ತು ದಿನಗಳಾಗಿದ್ದವು.

ಅದೇ ಜುಲೈಯಲ್ಲಿ ಆತ ವಾಸರ್‌ಕುಪ್ಪೆಯಿಂದ ಹೊರಟು, ಕೇಗೆಲ್‌ನನ್ನು ಎಳೆದೊಯ್ದಂಥದೇ ಗುಡುಗುಮೋಡದ ಸಾಲನ್ನು ಬಳಸಿಕೊಂಡನು. ಆದರೆ ಮೋಡದ ಹೊಟ್ಟೆಯೊಳಗೆ ಸಿಕ್ಕಲಿಲ್ಲ. ಬಿರುಗಾಳಿ ಮುನ್ನುಗ್ಗುವಾಗ ಅದರ ಮೂತಿಯ ಮುಂದೆ ಬೆಚ್ಚನೆಯ ಗಾಳಿ ಮೇಲಕ್ಕೆ ನೂಕಲ್ಪಡುತ್ತದೆ. ಆ ಅಂಚಿನಲ್ಲಿಯೇ ಸವಾರಿ ಮಾಡಿದನು. ಆ ತಿಂಗಳ ಹಾರಾಟಗಳಲ್ಲಿ ದೂರ ೧೫೦ ಕಿಲೋಮೀಟರಿನ ಹತ್ತಿರಕ್ಕೆ ಬಂತು, ಎತ್ತರ ೨,೦೦೦ ಮೀಟರ್ ದಾಟಿತು. ಆತನಿಗೆ ಅದೃಷ್ಟ ಒಲಿದಿತ್ತು ಎಂದು ಹೇಳುವವರಿರಬಹುದು. ಒಂದು ಸಲವಾದರೆ ಅದೃಷ್ಟ ಎನ್ನಬಹುದು. ಒಂದೇ ಬೇಸಿಗೆಯಲ್ಲಿ ಮತ್ತೆ ಮತ್ತೆ ಒದಗಿದ್ದನ್ನು ಹಾಗೆ ಕರೆಯಲು ನಮಗೆ ಮನಸ್ಸಿಲ್ಲ.

೧೯೩೦ರ ಜೂನ್‌ನಲ್ಲಿ ಇಂಗ್ಲೆಂಡಿನವರು ಆತನನ್ನು ಕರೆಸಿಕೊಂಡರು. ಸಸೆಕ್ಸ್ ಪ್ರಾಂತದ ಗುಡ್ಡದಿಂದ ಹೊರಟು ಪೋರ್ಟ್ಸ್‌ಮತ್ ಕಡೆಗೆ ಸುಮಾರು ೮೦ ಕಿಲೋಮೀಟರ್ ಹಾರಿ ತೋರಿಸಿದನು. ಮರುವರ್ಷ ‘ಡೈಲಿ ಮೇಲ್’ ಪತ್ರಿಕೆ, ಇಂಗ್ಲಿಷ್ ಕಡಲ್ಗಾಲುವೆಯನ್ನು ಗ್ಲೈಡರಿನಲ್ಲಿ ಹೋಗಿ ಬರುವವನಿಗೆ ಒಂದು ಸಾವಿರ ಪೌಂಡು ಗೊತ್ತುಮಾಡಿತು. ಇದು ಬೇರೆಯೇ ಬಗೆಯ ಲೆಕ್ಕ. ಕಡಲಿನ ಮೇಲೆ ಗುಡ್ಡವಿಲ್ಲ, ತಣ್ಣನೆಯ ನೀರಿನಿಂದ ಬಿಸಿಗಾಳಿಯೂ ಏಳುವುದಿಲ್ಲ. ದಾರಿಯಲ್ಲಿ ಏನೂ ಸಿಗುವುದಿಲ್ಲವೆಂದೇ ಎಣಿಸಿ, ಬೇಕಾದ ಎತ್ತರವನ್ನೆಲ್ಲ ದಡದಲ್ಲಿಯೇ ಸಂಪಾದಿಸಿಕೊಂಡು ಹೊರಡಬೇಕು, ಬುತ್ತಿ ಕಟ್ಟಿಕೊಂಡ ಹಾಗೆ. ವೀನ್ ಗ್ಲೈಡರ್ ಒಂದು ಮೀಟರ್ ಇಳಿಯುವುದರೊಳಗೆ ಸುಮಾರು ಇಪ್ಪತ್ತು ಮೀಟರ್ ಮುಂದೆ ಹೋಗುತ್ತಿತ್ತು. ಕಡಲ್ಗಾಲುವೆ ಬಹಳ ಕಿರಿದಾದ ಕಡೆ ಸುಮಾರು ೩೪ ಕಿಲೋಮೀಟರ್. ಗಣಿತದ ಮೇಷ್ಟರನ್ನು ಕೇಳಬೇಕಾಗಿಲ್ಲ. ೩೪,೦೦೦ವನ್ನು ೨೦ರಿಂದ ಭಾಗಿಸಿದರೆ ೧,೭೦೦ ಮೀಟರ್. ಇದು ಗಾಳಿ ನಿಶ್ಚಲವಾಗಿದ್ದರೆ. ಎದುರುಗಾಳಿಗೆ ಇಷ್ಟು, ಇಳಿಗಾಳಿಗೆ ಇಷ್ಟು, ದಡ ಮುಟ್ಟಿದ ಮೇಲೆ ಇಳಿಯುವ ಜಾಗ ಹುಡುಕಲು ಇಷ್ಟು ಎಂದು ಅದರ ಮೇಲೆ ಕೂಡಿಸುತ್ತ ಹೋಗಬೇಕು. ೧೯೩೧ರ ಜೂನ್ ೨೦ರಂದು, ಎಂಜಿನ್ ವಿಮಾನವೊಂದು ಫ್ರಾನ್ಸ್ ದಡದ ಮೇಲೆ ಆತನ ಗ್ಲೈಡರನ್ನು ಎತ್ತರಕ್ಕೆ ಎಳೆದೊಯ್ದು ಬಿಟ್ಟಿತು. ಆತ ಡೋವರಿಗೆ ಹಾರಿ ಇಳಿದು, ಅದೇ ದಿನ ಹಾಗೆಯೇ ಎತ್ತರಕ್ಕೆ ಹೋಗಿ ಫ್ರಾನ್ಸಿಗೆ ಮರಳಿದನು. ಹಿಂದಿನ ದಿನ ಮತ್ತೊಬ್ಬಾತ ಒಂದು ಕಡೆಗೆ ದಾಟಿದ್ದ; ಹೋಗಿ ಬಂದವನು ಕ್ರೋನ್‌ಫೆಲ್ಡ್.

ಎಲ್ಲ ಲೆಕ್ಕವೂ ಫಲಿಸಲಿಲ್ಲ. ಆತನ ಮುಂದಿನ ಗ್ಲೈಡರಿನ ಹೆಸರು ‘ಆಸ್ಟ್ರಿಯ’, ತನ್ನ ದೇಶದ ಹೆಸರು. ಮೂವತ್ತು ಮೀಟರ್ ರೆಕ್ಕೆ. ಅಷ್ಟು ದೊಡ್ಡ ಗ್ಲೈಡರನ್ನು ಅದುವರೆಗೆ ಯಾರೂ ಕಟ್ಟಿರಲಿಲ್ಲ. ಮೆಲ್ಲಗೆ ಹಾರುತ್ತ, ಬಹಳ ಕಡಿಮೆ ಇಳಿಯುತ್ತ, ಕ್ಷೀಣವಾದ ಏರುಗಾಳಿಯಲ್ಲಿಯೂ ನಿಲ್ಲಬೇಕೆಂಬುದು ಅದರ ಉದ್ದೇಶ. ೧೯೩೨ರ ರೋನ್ ಸ್ಪರ್ಧೆಯಲ್ಲಿ ಅದು ಮೋಡದೊಳಗೆ ಹೋದಾಗ ಅಲ್ಲಿನ ಹೊಯ್ದಾಟವನ್ನು ತಾಳಲಾರದೆ ಗಾಳಿಯಲ್ಲಿಯೇ ಮುರಿದುಹೋಯಿತು. ಕ್ರೋನ್‌ಫೆಲ್ಡ್ ಪ್ಯಾರಾಚೂಟ್ ಬಿಚ್ಚಿ ಬದುಕಿಕೊಂಡನು. ಬೆನ್ನಿಗೆ ಪ್ಯಾರಾಚೂಟ್ ಕಟ್ಟಿಕೊಂಡಿದ್ದದ್ದೂ ಸಿದ್ಧತೆಯ ಒಂದು ಭಾಗವೇ.

ಮೋಡಕ್ಕಿಂತ ದೊಡ್ಡ ಅಪಾಯ ನೆಲದ ಮೇಲಿತ್ತು. ೧೯೩೩ರ ಜನವರಿಯಲ್ಲಿ ಹಿಟ್ಲರ್ ಜರ್ಮನಿಯ ಅಧಿಕಾರಕ್ಕೆ ಬಂದನು. ಯಹೂದಿಗಳಿಗೆ ಗ್ಲೈಡರ್ ಸಂಘಗಳ ಬಾಗಿಲು ಮುಚ್ಚಿತು. ಯಾವ ಬೆಟ್ಟದ ಹೆಸರನ್ನು ಜಗತ್ತಿಗೆಲ್ಲ ತಿಳಿಸಿದ್ದನೋ ಆ ಬೆಟ್ಟದ ಮೇಲೆ ಆತನಿಗೆ ಜಾಗವಿರಲಿಲ್ಲ. ಮೊದಲ ನೂರು ಕಿಲೋಮೀಟರ್ ಯಾರದು ಎಂದು ಕೇಳಿದರೆ ಆತನ ಹೆಸರನ್ನೇ ಹೇಳಬೇಕಾಗಿತ್ತು. ಆದರೂ ಆತ ಹುಟ್ಟಿದ ಮನೆ ಯಾವುದು ಎಂಬುದೊಂದೇ ಲೆಕ್ಕಕ್ಕೆ ಬಂತು. ಆತ ಜರ್ಮನಿಯನ್ನು ಬಿಟ್ಟನು. ಕೊನೆಗೆ ಇಂಗ್ಲೆಂಡಿಗೆ ಬಂದು ನೆಲೆಸಿದನು. ಅಲ್ಲಿ ಸಣ್ಣ ಎಂಜಿನ್ ಕೂಡಿಸಿದ ಗ್ಲೈಡರಿನಂಥ ಹಗುರ ವಿಮಾನ ‘ಡ್ರೋನ್’ ಅನ್ನು ತಯಾರಿಸುವ ಕಂಪನಿಯನ್ನು ನಡೆಸಿದನು. (ಈಗ ಮದುವೆ ಮನೆಗಳ ಮೇಲೆ ಹಾರಾಡುವ ಡ್ರೋನಿಗೂ ಇದಕ್ಕೂ ಹೆಸರೊಂದೇ ಸಮಾನ.) ೧೯೩೮ರಲ್ಲಿ ಹಿಟ್ಲರ್ ಆಸ್ಟ್ರಿಯವನ್ನೂ ನುಂಗಿದನು. ಗ್ಲೈಡರುಗಳಿಗೆ ಹೆಸರು ಕೊಟ್ಟಿದ್ದ ಊರೂ ದೇಶವೂ ಎರಡೂ ಆತನಿಗೆ ಇಲ್ಲವಾದವು. ೧೯೩೯ರಲ್ಲಿ ಆತ ಬ್ರಿಟನ್ನಿನ ಪ್ರಜೆಯಾದನು.

ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ವಾಯುಸೇನೆ ಸೇರಿ, ಸೈನಿಕರನ್ನು ಒಯ್ಯುವ ಗ್ಲೈಡರುಗಳ ಪ್ರಯೋಗಗಳಲ್ಲಿ ದುಡಿದು ಸ್ಕ್ವಾಡ್ರನ್ ಲೀಡರ್ ಪದವಿಗೆ ಏರಿದನು. ಯುದ್ಧ ಮುಗಿದ ಮೇಲೆ ಹೊಸ ಬಗೆಯ ವಿಮಾನಗಳನ್ನು ಪರೀಕ್ಷಿಸುವ ಹಾರಾಟಗಾರನಾದನು. ಬಾಲವೇ ಇಲ್ಲದ ಗ್ಲೈಡರೊಂದನ್ನು ೧೯೪೮ರ ಫೆಬ್ರವರಿ ೧೨ರಂದು ಇಂಗ್ಲೆಂಡಿನ ಹ್ಯಾಂಪ್‌ಶೈರ್ ಪ್ರಾಂತದ ಮೇಲೆ ಪರೀಕ್ಷಿಸುತ್ತಿದ್ದಾಗ ಅದು ಹತೋಟಿ ತಪ್ಪಿತು. ಜೊತೆಯಲ್ಲಿದ್ದವನು ಪ್ಯಾರಾಚೂಟಿನಿಂದ ಪಾರಾದನು. ಕ್ರೋನ್‌ಫೆಲ್ಡ್ ಪಾರಾಗಲಿಲ್ಲ. ಆತನಿಗೆ ೪೩ ವರ್ಷ ವಯಸ್ಸಾಗಿತ್ತು.

ಆತ ಹಾಕಿದ ಮೂರು ಪ್ರಶ್ನೆಗಳು ಮಾತ್ರ ಉಳಿದು, ಆತ ಕಾಣದ ನಾಡುಗಳಿಗೆ ಹೋದವು. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಓವೆನ್ಸ್ ಕಣಿವೆ ಎಂಬ ಮರುಭೂಮಿ ಇದೆ. ಪಶ್ಚಿಮಕ್ಕೆ ಸಿಯೆರಾ ನೆವಾಡಾ, ಪೂರ್ವಕ್ಕೆ ವೈಟ್ ಮೌಂಟನ್ಸ್. ಎರಡರ ಶಿಖರಗಳೂ ೪,೦೦೦ ಮೀಟರ್ ದಾಟುತ್ತವೆ. ನಡುವಿನ ಕಣಿವೆಯ ನೆಲ ಸುಮಾರು ೧,೨೦೦ ಮೀಟರ್. ೧೯೫೨ರ ಮಾರ್ಚಿಯಲ್ಲಿ ಇಲ್ಲಿನ ಬಿಷಪ್ ಎಂಬ ಊರಿನಿಂದ ಲ್ಯಾರಿ ಎಡ್ಗರ್ ಮತ್ತು ಹೆರಾಲ್ಡ್ ಕ್ಲೀಫೋರ್ತ್ ಎಂಬುವರು ಗ್ಲೈಡರಿನಲ್ಲಿ ಹೊರಟು ೧೩,೦೦೦ ಮೀಟರಿಗೂ ಮೇಲಕ್ಕೆ ಏರಿದರು. ಪಶ್ಚಿಮದ ಗಾಳಿ ಸಿಯೆರಾವನ್ನು ಹತ್ತಿ ಇಳಿದು, ಬಂಡೆ ದಾಟಿದ ಹೊಳೆಯ ನೀರಿನಂತೆ ಅಲೆಯಲೆಯಾಗಿ ಏಳುತ್ತದೆ. ಆ ಅಲೆಯೇ ಅವರ ಏಣಿ. ಅಲೆಯ ಅಡಿಯಲ್ಲಿ ಉರುಳುಗಾಳಿ ಅಡಗಿರುತ್ತದೆ. ೧೯೫೫ರ ಏಪ್ರಿಲ್‌ನಲ್ಲಿ ಅದು ಇದೇ ಎಡ್ಗರ್‌ನ ಗ್ಲೈಡರನ್ನು ಚೂರುಚೂರು ಮಾಡಿತು. ಕ್ರೋನ್‌ಫೆಲ್ಡ್‌ನಂತೆ ಆತನನ್ನೂ ಪ್ಯಾರಾಚೂಟ್ ಉಳಿಸಿತು. ದೂರದ ದಾಖಲೆಯೂ ಅಮೆರಿಕಕ್ಕೇ ಬಂತು. ೧೯೬೪ರಲ್ಲಿ ಆಲ್ ಪಾರ್ಕರ್ ಟೆಕ್ಸಾಸಿನ ಒಣಬಯಲಿನಿಂದ ಹೊರಟು ಮೊದಲ ಸಲ ಸಾವಿರ ಕಿಲೋಮೀಟರ್ ದಾಟಿದನು. ನೂರು ಸಾವಿರವಾಗಲು ೩೫ ವರ್ಷ ಹಿಡಿಯಿತು. ೨೦೦೩ರಲ್ಲಿ ಕ್ಲಾಸ್ ಓಲ್ಮನ್ ಎಂಬ ಜರ್ಮನ್ ಹಾರಾಟಗಾರ ದಕ್ಷಿಣ ಅಮೆರಿಕದ ಆಂಡಿಸ್ ಪರ್ವತಗಳ ಅಲೆಗಾಳಿಯಲ್ಲಿ ಒಂದೇ ದಿನ ೩,೦೦೦ ಕಿಲೋಮೀಟರ್ ದಾಟಿದನು.

ಮರುಭೂಮಿಯ ಬೆಟ್ಟಗಳ ಮೇಲೆ ಹಾರುವವನು ಹಿಂದಿನ ರಾತ್ರಿ ನಕ್ಷೆ ಹರಡಿಕೊಂಡು ಕುಳಿತುಕೊಳ್ಳುತ್ತಾನೆ. ಬೆಳಗಿನ ಬಿಸಿಲು ಯಾವ ಸಾಲಿನ ಪೂರ್ವದ ಮೈಯನ್ನು ಮೊದಲು ಕಾಯಿಸುತ್ತದೆ, ಮಧ್ಯಾಹ್ನದ ಮೇಲೆ ಯಾವ ಸಾಲಿನ ಪಶ್ಚಿಮದ ಮೈ ಕಾದಿರುತ್ತದೆ ಎಂದು ನೋಡುತ್ತಾನೆ. ಅದಕ್ಕೆ ಸರಿಯಾಗಿ ಒಂದು ಸಾಲಿನಿಂದ ಇನ್ನೊಂದಕ್ಕೆ ದಾಟುವ ಹೊತ್ತನ್ನು ಗೊತ್ತುಮಾಡುತ್ತಾನೆ. ಎತ್ತರದಲ್ಲಿ ಉಸಿರಿಗೆ ಬೇಕಾದ ಆಕ್ಸಿಜನ್ ತುಂಬಿಸಿಕೊಳ್ಳುತ್ತಾನೆ. ಬತ್ತಿದ ಕೆರೆಗಳ ಅಂಗಳ ಮೇಲಿನಿಂದ ಕಾಣುವುದಕ್ಕೆ ಗಟ್ಟಿ ಚಪ್ಪಟೆ ನೆಲ. ಕೆಲವು ಕಡೆ ಅದರ ಹೊರಪದರದ ಕೆಳಗೆ ಕೆಸರು. ಜಾಗ್ರತೆಯುಳ್ಳವನು ಮುಂಚೆಯೇ ಕಾರಿನಲ್ಲಿ ಹೋಗಿ ಕಾಲಿಂದ ಮೆಟ್ಟಿ ನೋಡಿ ಬಂದಿರುತ್ತಾನೆ. ಇಳಿಯಲು ಯೋಗ್ಯವಾದ ಒಂದೊಂದು ಜಾಗಕ್ಕೂ ನಕ್ಷೆಯಲ್ಲಿ ಒಂದು ವೃತ್ತ ಎಳೆಯುತ್ತಾನೆ, ಇಷ್ಟು ಎತ್ತರದಲ್ಲಿದ್ದರೆ ಇಷ್ಟು ದೂರದಿಂದ ಇಲ್ಲಿಗೆ ತಲುಪಬಹುದು ಎಂದು. ಎರಡು ವೃತ್ತಗಳು ಒಂದನ್ನೊಂದು ಮುಟ್ಟದ ಕಡೆ ದಾಟಬೇಕಾದರೆ ಎಷ್ಟು ಎತ್ತರ ಬೇಕೆಂಬುದನ್ನು ಪಕ್ಕದಲ್ಲಿ ಬರೆಯುತ್ತಾನೆ. ಆ ಬಳಿಕ ಆಸನದ ಹಿಂದೆ ಕುಡಿಯುವ ನೀರಿನ ಡಬ್ಬಿಗಳನ್ನು ಇಡುತ್ತಾನೆ, ಅಲ್ಲಿಂದ ನಡೆದು ಬರಬೇಕಾದೀತು ಎಂದು.